ಎಲ್ಲ ಅಕ್ಷರಕ್ಕೂ ಒಂದೇ ಅಗಲ

ನನ್ನ ಹೆಂಡತಿಯ ತಮ್ಮನಿಗೆ ಬಸ್ಸು ತಪ್ಪುವುದು ತಡವಾಗಿ ಹೋದಾಗಲ್ಲ, ಬೇಗ ಹೋದಾಗ! ನಂಬಿಕೆ ಬರಲಿಲ್ಲವೇ? ಕುಷ್ಟಗಿಯ ಬಸ್ ನಿಲ್ದಾಣಕ್ಕೆ ಬನ್ನಿ. ಬಸ್ಸು ನಿಂತಿದೆ, ಸೀಟುಗಳು ಖಾಲಿ ಇವೆ, ಕಂಡಕ್ಟರ್ ಕೂಗುತ್ತಿದ್ದಾನೆ. ಈ ಮಹಾಶಯ ಮಾತ್ರ ಬಸ್ಸಿನ ಮುಂದೆ ಕತ್ತು ಓರೆ ಮಾಡಿ ನಿಂತು ಬೋರ್ಡನ್ನು ನೋಡುತ್ತಿದ್ದಾನೆ. ‘ಕೊಪ್ಪಳ’ದಲ್ಲಿ ‘ಕೊ’ಗೆ ಸಿಕ್ಕಷ್ಟು ಜಾಗ ‘ಳ’ಕ್ಕೆ ಸಿಕ್ಕಿಲ್ಲವಂತೆ! ಡ್ರೈವರ್ ಹಾರ್ನ್ ಹೊಡೆದ. ಇವನು ಸರಿದು ದಾರಿ ಬಿಟ್ಟ. ಬಸ್ಸು ಹೋಯಿತು, ಇವನು ನನ್ನ ಅಂಗಡಿಗೆ ಬಂದ.

“ಹತ್ತಬೇಕಿತ್ತಲ್ಲೋ!”

“ಹತ್ತಿದ್ರ ಬೋರ್ಡ ಹೆಂಗ ಕಾಣ್ತೈತ್ರಿ ಮಾಮಾ?”

ನಾನು ಸೈಕಲ್ ಮೇಲೆ ಪೈಪಿನ ತುಂಡು ಮಾರುತ್ತ ಮೇಲೆ ಬಂದವನು. ಈಗ ದಾಳಿಂಬೆ ತೋಟದವರಿಗೆಲ್ಲ ಪಂಪು, ಪೈಪು ಕೊಡುತ್ತೇನೆ. ನನ್ನ ಅಂಗಡಿಯಲ್ಲಿ ಸಾಮಾನಿಗೆ ಮಾತ್ರ ರೇಟು, ಸಲಹೆ ಪುಕ್ಕಟೆ. ಎಲ್ಲರಿಗೂ ಕೊಟ್ಟಿದ್ದೇನೆ, ಕೇಳದವರಿಗೂ ಕೊಟ್ಟಿದ್ದೇನೆ. ಅದು ನಾಟದೆ ವಾಪಸು ಬಂದದ್ದು ಇವನೊಬ್ಬನಿಂದ.

ಇವನಿಗೆ ಗಿಣಿಗೇರಾದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಲಾರಿ ತೂಗುವಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಪರದೆಯ ಮೇಲೆ ಡ್ರೈವರನ ಹೆಸರು, ಪಕ್ಕದಲ್ಲಿ ಊರು, ಅದರ ಪಕ್ಕದಲ್ಲಿ ತೂಕ. ಕನ್ನಡ ಅಕ್ಷರ ಒಂದು ದಪ್ಪ, ಒಂದು ಸಣಕಲು. ಹಾಗಾಗಿ ಊರುಗಳೆಲ್ಲ ಒಂದರ ಕೆಳಗೊಂದು ನಿಲ್ಲದೆ ಸೊಟ್ಟಪಟ್ಟ. ನೀವಾದರೆ, ನಾನಾದರೆ, ಏನು ಮಾಡುತ್ತಿದ್ದೆವು? ಚಹಾ ಕುಡಿಯಲು ಹೋಗುತ್ತಿದ್ದೆವು. ಇವನು ಮನೆಗೆ ಹೋಗಿ ತನ್ನದೇ ಒಂದು ಫಾಂಟ್ ಮಾಡಲು ಕುಳಿತ! ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಒಂದು ಮನೆ. ಒತ್ತು, ಸೊನ್ನೆ, ದೀರ್ಘ, ಎಲ್ಲ ಸಂಸಾರ ಅದರೊಳಗೇ. ‘ರ’ ಆ ಮನೆಯಲ್ಲಿ ಕೈಕಾಲು ಚಾಚಿ ಮಲಗಬಹುದು. ‘ಝ’ ಮಾತ್ರ ಸಂತೆಯ ದಿನದ ಟಂಟಂ ರಿಕ್ಷಾದಲ್ಲಿ ಸಿಕ್ಕಿಕೊಂಡಂತೆ ಕೂರಬೇಕು.

“ಅಕ್ಷರಕ್ಕೂ ರೇಷನ್ ಏನೋ?” ಎಂದು ಕೇಳಿದೆ.

“ರೇಷನ್ ಅಲ್ರಿ, ನ್ಯಾಯ” ಎಂದ.

‘ಕ’ದ ತಲೆಕಟ್ಟು ಸರಿಬರಲಿಲ್ಲವೆಂದು ಕಿನ್ನಾಳಕ್ಕೆ ಹೋಗಿ, ಗೊಂಬೆಗೆ ಬಣ್ಣ ಹಚ್ಚುವವರ ಎದುರು ಅರ್ಧ ದಿನ ಕುಳಿತು, ಅವರು ಹುಬ್ಬು ಎಳೆಯುವುದನ್ನು ನೋಡಿ ಬಂದ. ಬರುವಾಗ ಒಂದು ಗೊಂಬೆ ತರಲು ನನ್ನ ಹೆಂಡತಿ ಹೇಳಿದ್ದಳು. ಬರಿಗೈಯಲ್ಲಿ ಬಂದವನನ್ನು “ಏನ್ ತಂದೀಯೋ?” ಎಂದು ಕೇಳಿದರೆ, “ಹುಬ್ಬು ತಂದೀನಿ ಅಕ್ಕಾ” ಎಂದ!

ಮಾಡಿದರಷ್ಟೇ ಸಾಲದು, ಸಾಕಬೇಕು. ಒಂದು ಒತ್ತಕ್ಷರ ಸರಿಪಡಿಸಿದರೆ ಇನ್ನೊಂದು ಸೊಟ್ಟಗಾಗುತ್ತದೆ. ಹೀಗಾಗಿ ರಜೆ ಸಿಕ್ಕಾಗಲೆಲ್ಲ ಬಂದು ನನ್ನ ಅಂಗಡಿಯ ಕಂಪ್ಯೂಟರಿಗೆ ಹೊಸ ಫಾಂಟ್ ಹಾಕುತ್ತಾನೆ.

“ಈ ಸಲ ಏನ್ ಬದಲಾತಪಾ?”

“‘ಮ’ದ ಹೊಟ್ಟಿ ಒಂದ ಕೂದಲೆಳಿಯಷ್ಟ ಒಳಗ ತಗೊಂಡೀನ್ರಿ.”

“ಇಡೀ ತಾಲೂಕಿನಾಗ ಯಾರಿಗೂ ಕಾಣೂದಿಲ್ಲಲ್ಲೋ!”

“ಕಾಣಬಾರ್ದು ಅಂತನ ಮಾಡೀನ್ರಿ.”

ಇಂಥ ಮಾಲಿಗೆ ಗಿರಾಕಿ ಹುಡುಕಿಕೊಡದಿದ್ದರೆ ನಾನೆಂಥ ವ್ಯಾಪಾರಿ? ಗಂಗಾವತಿಯ ಒಂದು ಬ್ಯಾನರ್ ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕ ನೋಡಿ, “ಸಾವ್ಕಾರ, ನಮ್ಮ ಗಿರಾಕಿಗೆ ಫೋಟೋ ದೊಡ್ಡದಿದ್ರ ಸಾಕ್ರಿ. ಅಕ್ಷರ ಹೆಂಗಿದ್ರೂ ನಡಿತೈತಿ” ಎಂದ. ಒಂದು ತಾಸು ಚೌಕಾಸಿ ಮಾಡಿದೆ. ಕೊನೆಗೆ ಫಾಂಟ್ ಮಾರಲಾಗಲಿಲ್ಲ; ನನ್ನ ಅಂಗಡಿಗೇ ಎರಡು ಬ್ಯಾನರ್ ಕೊಂಡು ಬಂದೆ. ನನ್ನ ಫೋಟೋ ದೊಡ್ಡದಾಗಿ ಬಂದಿದೆ.

ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆ ಸುಲಭ, ಲಗ್ನಪತ್ರಿಕೆ ಕಷ್ಟ! ಅಪ್ಪ ಇಲ್ಲದ ನನಗೆ ಹಿರಿಯರೆಂದರೆ ಇಬ್ಬರೇ: ಯಲಬುರ್ಗಾದ ಬಸಪ್ಪ ದೊಡ್ಡಪ್ಪ, ಗಂಗಾವತಿಯ ಸಂಗನಬಸಪ್ಪ ಕಾಕಾ. ಹಿಂದೊಂದು ಮದುವೆಯ ಪತ್ರಿಕೆಯಲ್ಲಿ ತಮ್ಮನಾದ ಕಾಕಾನ ಹೆಸರು ದಪ್ಪಗೆ ಬಂತೆಂದು ದೊಡ್ಡಪ್ಪ ಊಟ ಬಿಟ್ಟು ಎದ್ದು ಹೋಗಿದ್ದರು. ಈ ಸಲ ಮೊದಲೇ ಹೇಳಿಬಿಟ್ಟರು: “ಹೆಸರ ಸಣ್ಣದು ಬಂತಂದ್ರ ನಾ ಬರೂದಿಲ್ಲ ನೋಡ.” ಅವರಿಬ್ಬರೂ ನಿಂತು ಅಕ್ಷತೆ ಹಾಕದೆ ನನ್ನ ಮಗಳ ಮದುವೆ ಆಗುವುದು ಹೇಗೆ?

ಆಗ ನನ್ನ ತಲೆಗೆ ಹೊಳೆಯಿತು. ಎಲ್ಲ ಅಕ್ಷರವೂ ಒಂದೇ ಅಳತೆ ಇರುವ ಫಾಂಟ್ ಮನೆಯಲ್ಲೇ ಇದೆಯಲ್ಲ! ಹೆಚ್ಚಿಲ್ಲ, ಕಡಿಮೆಯಿಲ್ಲ, ಜಗಳವೇ ಇಲ್ಲ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಭಾವಮೈದುನ ಖುಷಿಯಿಂದ ಪತ್ರಿಕೆ ಜೋಡಿಸಿಕೊಟ್ಟ. ‘ಅಕ್ಷರಕ್ಕೊಂದು ಮನೆ’ ಎಂದು ವಿವರಿಸಿ, ಅದರ ಫೋಟೋವನ್ನು ಇಬ್ಬರು ಹಿರಿಯರಿಗೂ ಕಳಿಸಿದೆ. ಕೂಡಲೇ ದೊಡ್ಡಪ್ಪನ ಫೋನು ಬಂತು.

“ಅವ ನನ್ಕಿಂತ ಸಣ್ಣಾಂವ. ಅವಂಗ ಆರು ಮನಿ, ನನ್ಗ ಮೂರ? ಯಾವ ಹಿಸ್ಸೇದಾಗ ಹಿಂಗ ಹಂಚ್ಯಾರಲೇ?”

“ದೊಡ್ಡಪ್ಪಾ, ಅಕ್ಷರ ಎಲ್ಲಾ ಒಂದ ಅಳತಿ ಅದಾವ್ರಿ.”

“ಬೆರಳ ಇಟ್ಟ ಅಳದ ನೋಡೀನಿ! ಅವನ ಹೆಸರ ಮುಗಿಯೂದ್ರಾಗ ನನ್ನ ಹೆಸರ ಎರಡ ಸಲ ಬರ್ತೈತಿ!”

‘ಬಸಪ್ಪ’ವನ್ನು ಸ್ವಲ್ಪ ಎಳೆದು ಅಗಲ ಮಾಡೆಂದು ಭಾವಮೈದುನನಿಗೆ ಹೇಳಿದೆ. ಮನೆಯ ತೊಲೆ ಕೀಳು ಎಂದವನನ್ನು ನೋಡುವಂತೆ ನನ್ನನ್ನು ನೋಡಿದ. “ಅದೊಂದ ಬ್ಯಾಡ್ರಿ ಮಾಮಾ.” ಸರಿ, ನನ್ನ ಎರಡನೆಯ ಸಲಹೆ ಹೊರಬಿತ್ತು: ದೊಡ್ಡಪ್ಪನ ಹೆಸರಿಗೆ ‘ನಿವೃತ್ತ ಮುಖ್ಯೋಪಾಧ್ಯಾಯರು’ ಸೇರಿಸೋಣ! ಸೇರಿಸಿದೆವು. ಕಾಕಾ ಸುಮ್ಮನಿರುತ್ತಾರೆಯೇ? “ನಾನೂ ‘ಪ್ರಗತಿಪರ ರೈತರು’ ಅದೀನಿ.” ದೊಡ್ಡಪ್ಪನಿಗೆ ಊರು ಬಂತು, ಕಾಕಾಗೆ ಊರು ಮತ್ತು ‘ಅಕ್ಕಿ ವ್ಯಾಪಾರಸ್ಥರು’ ಬಂತು. ನಾನು ಎರಡು ಫೋನುಗಳ ನಡುವೆ ನಿಂತು ಪೈಪು ಮಾರಿದಂತೆ ಬಿರುದು ಹಂಚಿದೆ.

ಕೊನೆಗೆ ಇಬ್ಬರೂ ಒಪ್ಪಿದರು, ಆದರೆ ಪತ್ರಿಕೆಯಲ್ಲಿ ಸಾಲುಗಳು ಸಾಲದಾದವು. ಕಾಗದ ಉದ್ದ ಮಾಡೋಣವೆಂದರೆ, ಅಗ್ಗಕ್ಕೆ ಸಿಕ್ಕವೆಂದು ನಾನು ಕವರುಗಳನ್ನು ಮೊದಲೇ ಕೊಂಡಿಟ್ಟಿದ್ದೆ! ಭಾವಮೈದುನ, “ಹಿರ್ಯಾರು ಒಪ್ಯಾರಲ್ರಿ. ಸಾಲಿಂದು ನಾ ನೋಡ್ಕೊಂತೀನಿ” ಎಂದ.

ಪತ್ರಿಕೆ ಅಚ್ಚಾಗಿ ಬಂತು. ಎಲ್ಲ ಸಾಲು ನೆಟ್ಟಗೆ ನಿಂತಿದ್ದವು. ನಾನು ಮೀಸೆ ತಿರುವುತ್ತಿದ್ದಾಗ ಹೆಂಡತಿ ಕೈಗೆತ್ತಿಕೊಂಡು ಮೇಲಿಂದ ಕೆಳಗೆ ಓದಿದಳು, ಮತ್ತೊಮ್ಮೆ ಓದಿದಳು.

“ನನ್ನ ತಮ್ಮನ ಹೆಸರ ಎಲ್ಲಿ ಐತ್ರಿ?”

ಇರಲಿಲ್ಲ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನ ಸಾಲೇ ಇರಲಿಲ್ಲ! ಅವನು ನನ್ನ ಅಂಗಡಿಯಲ್ಲೇ ಇದ್ದ, ಹೊಸ ಫಾಂಟ್ ಹಾಕುತ್ತಿದ್ದ. ಓಡಿ ಹೋಗಿ ಬೈದೆ.

“ಏನೋ ಇದು? ನಿನ್ನ ಸಾಲ ಯಾಕ ತಗದಿ?”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಜಾಗ ಸಾಲಲಿಲ್ರಿ ಮಾಮಾ. ಅವ್ರು ಹೆಸರಿಲ್ಲ ಅಂದ್ರ ಬರೂದಿಲ್ಲ. ನಾ ಹೆಸರಿಲ್ದನೂ ಬರ್ತೀನಲ್ಲ.”

ಎಲ್ಲದಕ್ಕೂ ಒಂದು ಸಲಹೆ ಇಟ್ಟುಕೊಂಡವನು ನಾನು. ಈ ಸಲ ಸಲಹೆ ಬಿಟ್ಟು ಗಲ್ಲಾ ತೆರೆದೆ, ಅಚ್ಚಿನ ದುಡ್ಡು ಎಣಿಸಿದೆ.

ಪತ್ರಿಕೆಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಿದೆ, ಒಂದು ಸಾಲು ಉದ್ದನೆಯ ಕಾಗದದ ಮೇಲೆ. ಕವರು ಹಳೆಯವೇ. ಕೆಳಗೆ ಸೇರಿದ ಅವನ ಹೆಸರಿನ ಸಾಲು ಹೊರಗಿಣುಕುವಂತೆ ಪ್ರತಿಯೊಂದನ್ನೂ ತಲೆಕೆಳಗಾಗಿ ಸೇರಿಸಿದೆ. ದೇವರ ಹೆಸರು ಕೆಳಗೆ ಹೋಯಿತೆಂದು ಹೆಂಡತಿ ಗೊಣಗಿದಳು, ಗೊಣಗುತ್ತಲೇ ಅರ್ಧ ಕವರುಗಳನ್ನು ತಾನೇ ತುಂಬಿದಳು.

ಮೊದಲನೆಯದನ್ನು ಯಲಬುರ್ಗಾಕ್ಕೆ ಒಯ್ದು ದೊಡ್ಡಪ್ಪನ ಕೈಗಿಟ್ಟೆ. ಅವರು ಕನ್ನಡಕ ಏರಿಸಿದರು.

“ಎಲ್ಲಾರ್ಕಿಂತ ಮೊದಲ ಇವನ ಹೆಸರ ಕಾಣ್ತೈತಲ್ಲಲೇ?”

“ಹೌದ್ರಿ” ಎಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಸಾಲು ಬಿಟ್ಟುಕೊಟ್ಟದ್ದನ್ನು, ಯಾಕೆ ಬಿಟ್ಟನೆಂಬುದನ್ನು.

ಹೊರಗಿಣುಕುತ್ತಿದ್ದ ಆ ಸಾಲಿನ ಮೇಲೆ ದೊಡ್ಡಪ್ಪ ಬೆರಳಿಟ್ಟು ಮೆಲ್ಲಗೆ ಅಳೆದರು.

“ಇವಂದೂ ಮೂರ ಮನಿನ ಏನ? ಇರ್ಲಿ ತಗೋ. ಮದಿವಿ ದಿನ ಅವನ ಬಾಜೂಕ ನಾ ನಿಂದರ್ತೀನಿ.”