ಹರಿಹರದ ಗಾಲಿ ಮುರಿಯುವುದಿಲ್ಲ

ಹರಿಹರದಲ್ಲಿ ಮಾಡಿದ ಗಾಡಿಯ ಗಾಲಿ ಮುರಿಯುವುದಿಲ್ಲ. ಇದು ೧೯೫೮ರಲ್ಲಿ ಅಲ್ಲಿನ ಗಾಲಿ ಕುಶಲಕರ್ಮಿಗಳ ಸಂಘ ಸರ್ವಾನುಮತದಿಂದ ಅಂಗೀಕರಿಸಿದ ಠರಾವು. ಬರೆದವರು ಅಧ್ಯಕ್ಷ ಮಾಲತೇಶಪ್ಪನವರು. ಒಂದು ವೇಳೆ ಮುರಿದರೆ, ಮಾಡಿದವನು ಹರಿಹರದವನೇ ಅಲ್ಲ ಎಂಬ ಉಪನಿಯಮವೂ ಅವರದೇ. ದಾವಣಗೆರೆಯ ಬಡಗಿಗಳ ಹೊಟ್ಟೆ ಉರಿಯಲಿ ಎಂದು ಸೇರಿಸಿದ್ದರು.

ಆ ಸುಗ್ಗಿಯಲ್ಲಿ ಗುತ್ತೂರಿನ ದಾರಿಯಲ್ಲಿ ಒಂದು ಗಾಲಿ ಮುರಿಯಿತು. ಅದರ ಮೇಲೆ ಮಾಲತೇಶಪ್ಪನವರ ಮನೆತನದ ಮುದ್ರೆಯಿತ್ತು. ಅಪ್ಪ ಕೊಟ್ಟುಹೋದ ಆ ಕಬ್ಬಿಣದ ಮುದ್ರೆಯನ್ನು ಕಾಯಿಸಿ ಮರಕ್ಕೆ ಒತ್ತುವಾಗಲೆಲ್ಲ ಅವರ ಎದೆ ಉಬ್ಬುತ್ತಿತ್ತು.

ವಿಚಾರಣೆ ಕರೆದ ಅಧ್ಯಕ್ಷರೂ ಅವರೇ, ಕೈಕಟ್ಟಿ ನಿಂತ ಆರೋಪಿಯೂ ಅವರೇ.

"ತಪ್ಪು ತಿಳೀಬ್ಯಾಡ್ರಿ ಅಣ್ಣಾರ," ಎಂದ ಕಾರ್ಯದರ್ಶಿ ಗೋಣೆಪ್ಪ. "ನೀವು ಹುಟ್ಟಿದ್ದೆಲ್ಲಿ?"

"ಚೊಚ್ಚಲ ಮಗ ನಾನು. ಅವ್ವನ ತವರು ಆವರಗೆರೆ. ಅಲ್ಲೇ."

ಆವರಗೆರೆ ದಾವಣಗೆರೆಯ ಮಗ್ಗುಲಿಗಿದೆ. ಗಾಲಿ ದಾವಣಗೆರೆಯದೆಂದು ತೀರ್ಮಾನವಾಯಿತು. ಹರಿಹರದ ಮಾನ ಉಳಿಯಿತು. ಮುದ್ರೆಯನ್ನು ಸಂಘ ವಶಪಡಿಸಿಕೊಂಡಿತು. ಮಾಲತೇಶಪ್ಪನವರಿಗೆ ಅಳುವೇ ಬಂತು. ಆದರೂ ತಾವು ಬರೆದ ಠರಾವು ಇಷ್ಟು ಬಿಗಿಯಾಗಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು.

"ಹಂಗಾದ್ರೆ ನೀನು ಹುಟ್ಟಿದ್ದೆಲ್ಲಪ್ಪ?" ಎಂದು ಗೋಣೆಪ್ಪನನ್ನು ಕೇಳಿದರು.

ಗೋಣೆಪ್ಪ ತನ್ನ ಅಜ್ಜಿಯ ಊರಾದ ಕೊಂಡಜ್ಜಿಯಲ್ಲಿ ಹುಟ್ಟಿದ್ದ. ಅಪ್ಪನ ಕಸುಬು ಹಿರಿಯ ಮಗನಿಗೆ ಬರುವುದು ರೂಢಿ, ಚೊಚ್ಚಲ ಬಾಣಂತನ ತವರಲ್ಲಾಗುವುದೂ ರೂಢಿ. ಹೀಗಾಗಿ ಸಭೆ ಮುಗಿಯುವಷ್ಟರಲ್ಲಿ ಸಂಘದ ಸದಸ್ಯರೆಲ್ಲ ತಂತಮ್ಮ ಅಜ್ಜಿಯ ಊರಿನವರಾದರು. ಹರಿಹರದಲ್ಲಿ ಗಾಲಿ ಮಾಡಲು ಹರಿಹರದವನೊಬ್ಬನೂ ಉಳಿಯಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಒಬ್ಬ ಸಿಕ್ಕ. ದಾವಣಗೆರೆಯ ಒಂದು ಹತ್ತಿ ಗಿರಣಿಯ ಗುಮಾಸ್ತ ಕೆಂಚವೀರಪ್ಪ. ಅವನ ತಾಯಿಯ ತವರು ಹರಿಹರ.

"ನಾನು ಬಾಚಿ ಹಿಡಿದವನೇ ಅಲ್ಲರಿ," ಎಂದ ಅವನು.

"ಹಿಡೀಬ್ಯಾಡ್ರಿ. ಹುಟ್ಟೀರಲ್ಲ, ಸಾಕು," ಎಂದರು ಮಾಲತೇಶಪ್ಪ. ನಿಯಮ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ಗಾಲಿ ಕಡೆಯುವವರು ಹಳಬರೇ. ಹೊಸ ಅಧ್ಯಕ್ಷ ಕೆಂಚವೀರಪ್ಪ ಭಾನುವಾರದ ರೈಲಿಗೆ ಬಂದು, ಸಂಘ ವಶಪಡಿಸಿಕೊಂಡ ಅದೇ ಮುದ್ರೆ ಒತ್ತುತ್ತಾನೆ. ಮಾಲತೇಶಪ್ಪನವರು ಅದನ್ನು ಕಾಯಿಸಿ ಕೊಡುತ್ತಾರೆ. ಕೈ ಸುಟ್ಟುಕೊಳ್ಳದಂತೆ ಎಚ್ಚರಿಸುವುದೂ ಅವರ ಕೆಲಸ.

ಅವನು ಮುದ್ರೆ ಒತ್ತಿದ ಮೊದಲ ಗಾಲಿ ಹೊಳೆಯ ಸೇತುವೆಯ ಮೇಲೆ ಎರಡು ಹೋಳಾಯಿತು. ಸಂಘವು ಸ್ಥಳಕ್ಕೆ ಹೋಗಿ ಕೂಲಂಕಷವಾಗಿ ಪರಿಶೀಲಿಸಿ, ಮುದ್ರೆಯ ಧಣಿ ಹರಿಹರದಲ್ಲೇ ಹುಟ್ಟಿದವನಾದ್ದರಿಂದ ಗಾಲಿ ಮುರಿದಿಲ್ಲ ಎಂದು ಪ್ರಕಟಿಸಿತು. ಗಾಡಿಯವನೂ ಒಪ್ಪಿ, ಎತ್ತು ಬಿಚ್ಚಿಕೊಂಡು ನಡೆದೇ ಮನೆಗೆ ಹೋದ.

ಆ ಗಾಲಿಯನ್ನು ಕಡೆದಿದ್ದ ಮಾಲತೇಶಪ್ಪನವರು ಅಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.