ಬಿಲ್ಲಿಗೊಂದು ಹಲಗೆ

ಬಟ್ಟೆ ಅಂಗಡಿಯ ಯಜಮಾನರು ಯಾರನ್ನೇ ಕಂಡರೂ ಮನಸ್ಸಿನಲ್ಲೇ ಥಾನು ಬಿಚ್ಚಿ ನೋಡುವವರು. ಹೆಂಡತಿಯ ಬಗ್ಗೆ ಅವರ ಅಂದಾಜು ಹೀಗಿತ್ತು: ಬಣ್ಣ ಗಟ್ಟಿ, ಬಾಳಿಕೆ ಜಾಸ್ತಿ, ಇಷ್ಟು ವರ್ಷವಾದರೂ ದನಿ ಒಂದಂಗುಲವೂ ಕುಗ್ಗಿಲ್ಲ. (ಇದನ್ನು ಬಾಯಿಬಿಟ್ಟು ಹೇಳಿದವರಲ್ಲ, ಬುದ್ಧಿವಂತ ವ್ಯಾಪಾರಿ.) ಆಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಹೊಲಿಯುತ್ತಿದ್ದಳು. ಇವರು ಬಟ್ಟೆ ಅಳೆಯುವವರು, ಆಕೆ ಕತ್ತರಿಸುವವಳು. ಮನೆಯಲ್ಲಿ ಮಾತಿನ ಹಂಚಿಕೆಯೂ ಹಾಗೆಯೇ.

ಗ್ರಹಚಾರ ಶುರುವಾದದ್ದು ಮಗಳಿಂದ. ಶಾಲೆಯ ಬಿಲ್ಲುಗಾರಿಕೆ ತಂಡ ಸೇರಿದವಳು, "ನನ್ನ ಬಿಲ್ಲನ್ನ ನಮ್ಮಪ್ಪನೇ ಮಾಡ್ತಾರೆ" ಎಂದು ಎಲ್ಲರೆದುರು ಡಂಗುರ ಸಾರಿ ಬಂದಳು. ಮುಂದಿನ ತಿಂಗಳೇ ಪ್ರದರ್ಶನ. ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದ ಯಜಮಾನರಿಗೆ ಮಗಳ ಮುಂದೆ ಮಾನ ಉಳಿಸಿಕೊಳ್ಳುವ ಹೊತ್ತು ಬಂತು.

ಗಂಡ ಹೆಂಡತಿ ಮರದಂಗಡಿಗೆ ಹೋದರು. ಆಕೆಗೂ ಅಡುಗೆಮನೆ ಶೆಲ್ಫಿಗೆ ಅಂಗೈಯಗಲದ ಹಲಗೆ ಬೇಕಿತ್ತು. ಯಜಮಾನರ ಕಣ್ಣು ಅಲೆಅಲೆಯಾದ ಗೆರೆಗಳ ಒಂದು ಹಲಗೆಯ ಮೇಲೆ ಬಿತ್ತು.

"ನೋಡೇ, ರೇಷ್ಮೆ ತರ ಹೊಳೀತಿದೆ!"

"ಹೊಳಪು ಬಿಡಿ, ಗೆರೆ ನೋಡಿ. ಎಲ್ಲ ಅಂಚಿಗೆ ಓಡಿಹೋಗಿವೆ. ನೂಲು ಓರೆಯಾದ ಬಟ್ಟೆ ಎಳೆದ್ರೆ ಏನಾಗತ್ತೆ?"

"ಇದು ಮರ ಕಣೇ, ಅಂಗಿ ಅಲ್ಲ."

"ಎಳೆಯೋದು ಎಳೆಯೋದೇ ರೀ."

ಆಕೆ ಮೂಲೆಯಿಂದ ಒಂದು ಮಂಕು ಹಲಗೆ ಎಳೆದಳು. ಗಂಟಿಲ್ಲ, ಗೆರೆಗಳು ಈ ತುದಿಯಿಂದ ಆ ತುದಿಗೆ ನೇರ. "ಡಿಸೈನೇ ಇಲ್ಲದ ಮಾಲು!" ಎಂದು ಯಜಮಾನರು ನಕ್ಕರು.

"ನನ್ನ ಡಬ್ಬಿಗಳಿಗೆ ಡಿಸೈನ್ ಬೇಡ."

ಎರಡೂ ಹಲಗೆ ಮನೆಗೆ ಬಂದವು. ಮುಂದೆ ಮನೆಯೆಲ್ಲ ಮರದ ಹೊಟ್ಟು. ಬಿಲ್ಲಿನ ಮಹಾಯಜ್ಞದಲ್ಲಿ ಶೆಲ್ಫಿನ ಹಲಗೆ ಗೋಡೆ ಸೇರದೆ ಬಾಗಿಲ ಹಿಂದೆಯೇ ನಿಂತಿತು. ಕೊನೆಗೊಂದು ಸಂಜೆ ಯಜಮಾನರು ಅಂಗಳದಲ್ಲಿ ಎದೆಯುಬ್ಬಿಸಿ ನಿಂತು ಹೆದೆ ಎಳೆದರು.

ಫಟ್!

ಅರ್ಧ ಬಿಲ್ಲು ಕೈಯಲ್ಲಿ, ಇನ್ನರ್ಧ ಕನ್ನಡಕವನ್ನು ಕರೆದುಕೊಂಡು ಹೂಕುಂಡದಲ್ಲಿ. ಅಂಚಿಗೆ ಓಡಿದ್ದ ಗೆರೆಗುಂಟವೇ ಸೀಳಿತ್ತು. ಮಗಳು ನಗಲಿಲ್ಲ. "ಶಾಲೇಲಿ ಏನು ಹೇಳ್ಲಪ್ಪಾ?" ಎಂದಳು, ಕಣ್ಣು ತುಂಬಿಕೊಂಡು.

'ಆಗಲೇ ಹೇಳಿದ್ದೆ' ಎಂಬ ಮಾತಿಗಾಗಿ ಯಜಮಾನರು ತಲೆ ತಗ್ಗಿಸಿ ಕಾದರು. ಬರಲಿಲ್ಲ. ಆಕೆ ಬಾಗಿಲ ಹಿಂದಿನ ಹಲಗೆ ತಂದು, ದರ್ಜಿ ಸೀಮೆಸುಣ್ಣದಿಂದ ಬಿಲ್ಲಿನ ಗೆರೆ ಎಳೆದು, "ಇಷ್ಟು ಬಿಟ್ಟು ಕೆತ್ತಿ. ನಾಳೆ ಅಂಗಡಿ ನಾನು ನೋಡ್ಕೋತೀನಿ" ಎಂದಳು.

ಪ್ರದರ್ಶನದ ದಿನ ಬಿಲ್ಲು ಬಾಗಿತು, ಮುರಿಯಲಿಲ್ಲ. ಬಾಣ ಗುರಿಹಲಗೆಗೆ ನಾಟಿತು. "ಬಿಲ್ಲು ನಿಮ್ಮಪ್ಪಂದಾ?" ಎಂದರು ಮೇಷ್ಟ್ರು. ಯಜಮಾನರು ಶಾಲು ಸರಿಮಾಡಿಕೊಂಡರು.

"ಕೆತ್ತಿದ್ದು ಅಪ್ಪ, ಹಲಗೆ ಅಮ್ಮ ಆರಿಸಿದ್ದು ಸಾರ್" ಎಂದಳು ಮಗಳು ಮೈದಾನಕ್ಕೆಲ್ಲ ಕೇಳುವಂತೆ. "ಅಪ್ಪ ಆರಿಸಿದ್ದು ಹೂಕುಂಡದಲ್ಲಿದೆ."

ಮನೆಗೆ ಬಂದರೆ ಯಜಮಾನರ ಆರಾಮ ಕುರ್ಚಿಯ ತುಂಬ ಡಬ್ಬಿಗಳು.

"ನಾನೆಲ್ಲಿ ಕೂರಲಿ?"

"ಶೆಲ್ಫ್ ಬರೋವರೆಗೂ ನಿಂತಿರಿ."

ಯಜಮಾನರು ನಿಂತೇ ಇದ್ದಾರೆ. ಹೆಂಡತಿಗೆ ಅವರು ಒಂದು ಶೆಲ್ಫು ಕೊಡಬೇಕು. ಹಲಗೆಯನ್ನು ಆಕೆಯೇ ಆರಿಸುತ್ತಾಳೆ.