ನಂಬರ್ ಪ್ಲೇಟಿಲ್ಲದ ಧೈರ್ಯ

ಎಲೆಕ್ಟ್ರಿಕ್ ಸ್ಕೂಟರಿಗೆ ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ ಎಂದು ಅಂಗಡಿಯವನು ಹೇಳಿದ ದಿನದಿಂದ ಜಯಾನಂದನ ಸ್ವಭಾವವೇ ಬದಲಾಗಿಹೋಯಿತು. ದೇಶದ ರಾಜಧಾನಿಯ ರೋಹಿಣಿ ಬಡಾವಣೆಯ ದುರ್ಗಾ ಭವನ ಹೋಟೆಲಿನಲ್ಲಿ ಹನ್ನೆರಡು ವರ್ಷ ದೋಸೆ ಹುಯ್ದ ಈ ಕುಂದಾಪುರದ ಮನುಷ್ಯ ಖಾಲಿ ರಸ್ತೆ ದಾಟುವುದಕ್ಕೂ ನಾಲ್ಕು ಸಲ ಅತ್ತಿತ್ತ ನೋಡುತ್ತಿದ್ದವನು. ಸ್ಕೂಟರ್ ಏರಿದನೆಂದರೆ ಕೆಂಪು ದೀಪವೂ ಅವನಿಗೆ ಹಸಿರಾಗಿಯೇ ಕಾಣುತ್ತಿತ್ತು.

"ಇಪ್ಪತ್ತೈದಕ್ಕಿಂತ ಜಾಸ್ತಿ ಓಡೋದೇ ಇಲ್ಲ ಮಾರಾಯ್ತಿ. ಇದು ಸೈಕಲ್ಲಿನ ತಮ್ಮ," ಎಂದು ಹೆಂಡತಿ ಅಮ್ಮಣ್ಣಿಗೆ ಸಮಾಧಾನ ಹೇಳುತ್ತಿದ್ದ. ಅವಳು ತಂದುಕೊಟ್ಟ ಹೆಲ್ಮೆಟ್ಟಿನಲ್ಲಿ ಹೋಟೆಲಿನ ಅಡುಗೆಮನೆಯ ಬೆಳ್ಳುಳ್ಳಿ ವಾಸವಾಗಿತ್ತು.

ಅಮ್ಮಣ್ಣಿ ಅದೇ ಹೋಟೆಲಿನ ಕೌಂಟರಿನಲ್ಲಿ ಫೋನ್ ನೋಡಿಕೊಳ್ಳುವವಳು. ಆ ಭಾನುವಾರ ಬೆಳಿಗ್ಗೆ ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ನಿಮ್ಮ ಮೇಲೆ ಒಂದೇ ಒಂದು ದೂರು ಬರಲಿ, ಸ್ಕೂಟರ್ ಫರೀದಾಬಾದಿನ ನನ್ನ ತಮ್ಮ ಸುರೇಶನಿಗೆ. ನೀವು ಬಸ್ಸಲ್ಲಿ ಸಾಂಬಾರ್ ಹೊತ್ಕೊಂಡು ಓಡಾಡಿ."

ಜಯಾನಂದ ಸ್ಕೂಟರಿನ ಕೀಲಿಯನ್ನು ಜೇಬಿನ ಆಳಕ್ಕೆ ತಳ್ಳಿದ. ಆ ಸ್ಕೂಟರನ್ನು ಅವನು ದಿನಾ ಎರಡು ಸಲ ಒರೆಸುತ್ತಿದ್ದ.

ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ನಿವೃತ್ತ ಅಧಿಕಾರಿ ಅನಂತರಾಮ್ ನಡುವೆ ಬಾಯಿ ಹಾಕಿದರು. ಜನ್ಮದಲ್ಲಿ ಸೈಕಲ್ ಕೂಡ ತುಳಿದವರಲ್ಲ. "ಪ್ಲೇಟೇ ಇಲ್ಲದ ಮೇಲೆ ದೂರು ಯಾರ ಮೇಲೆ ಕೊಡ್ತಾರಮ್ಮ? ನೀನು ಹೋಗಯ್ಯ. ಬ್ಯಾಟರಿ ಉಳೀಬೇಕಂದ್ರೆ ಬ್ರೇಕ್ ಮಾತ್ರ ಮುಟ್ಬೇಡ."

ಮಾಲೀಕ ಚಿದಂಬರ ಹೊರಗಿನಿಂದಲೇ ಕೂಗಿದ. "ಜಯಾನಂದ, ಸ್ಕೂಟರಿನ ಹಿಂದೆ ಹೊಸ ಡಬ್ಬಾ ಕೂರಿಸಿದ್ದೇನೆ, ನೋಡಿದ್ಯಾ?"

ಸುತ್ತು ಹಾಕಿ ನೋಡಲು ಪುರುಸೊತ್ತೆಲ್ಲಿ. ಒಂಬತ್ತಕ್ಕೆ ಸೆಕ್ಟರ್ ಒಂಬತ್ತರ ಹೌಸಿಂಗ್ ಸೊಸೈಟಿಗೆ ಸಾಂಬಾರ್ ಮುಟ್ಟಬೇಕು. ಸಾಂಬಾರಿನ ಪಾತ್ರೆಯನ್ನು ಡಬ್ಬಾದೊಳಗೆ ಇಳಿಸಿ, ಮುಚ್ಚಳ ಮುಚ್ಚಿ ಹೊರಟೇಬಿಟ್ಟ.

ಮೊದಲ ಸಿಗ್ನಲ್ಲಿನಲ್ಲಿ ಅನಂತರಾಮರ ಉಪದೇಶ ನೆನಪಾಗಿ ಬ್ರೇಕ್ ಮುಟ್ಟಲಿಲ್ಲ. ಕಾರು ಗಕ್ಕನೆ ನಿಲ್ಲಿಸಿದ ಹೆಂಗಸೊಬ್ಬಳು, "ಅಂಧೇ ಹೋ ಕ್ಯಾ, ಭಯ್ಯಾ?" ಎಂದು, ಕಣ್ಣು ಕಾಣೋದಿಲ್ವಾ ಎಂಬಂತೆ ಹಿಂದಿಯಲ್ಲಿ ಗದರಿದಳು. ಜಯಾನಂದ ವಿನಯದಿಂದ ಕೈಮುಗಿದು ಮುಂದೆ ಹೋದ. ಕಾಮನ್‌ವೆಲ್ತ್ ಕ್ರೀಡೆಗೆಂದು ಮುಂದಿನ ತಿರುವನ್ನು ಅಗೆದು ಹಾಕಿದ್ದರು. ಒಂದು ಕಿಲೋಮೀಟರ್ ಸುತ್ತುವವರು ಯಾರು ಎಂದು ರಾಂಗ್ ಸೈಡಿಗೆ ನುಗ್ಗಿದ. ಅಲ್ಲಿ ಹಾಲಿನ ಬಿಂದಿಗೆ ಹಿಡಿದು ಬರುತ್ತಿದ್ದ ಪೈಲ್ವಾನನೊಬ್ಬನಿಗೆ ಹ್ಯಾಂಡಲ್ ತಾಗಿ, ಐದು ಸೇರು ಹಾಲು ಅವನ ಮೈಮೇಲೆಯೇ ಅಭಿಷೇಕವಾಯಿತು.

ಪೈಲ್ವಾನ್ ಅಟ್ಟಿಸಿಕೊಂಡು ಬರಲಿಲ್ಲ. ಸ್ಕೂಟರಿನ ಬೆನ್ನನ್ನೇ ದಿಟ್ಟಿಸಿ ಮೊಬೈಲ್ ತೆಗೆದ. ಪಾಪ, ಹಾಲು ಚೆಲ್ಲಿತೆಂದು ಮನೆಗೆ ಹೇಳುತ್ತಿರಬೇಕು ಎಂದು ಕನ್ನಡಿಯಲ್ಲಿ ನೋಡಿದ ಜಯಾನಂದನಿಗೆ ಮರುಕ ಬಂತು.

ಸಾಂಬಾರ್ ಬಿಸಿಯಾಗಿಯೇ ಮುಟ್ಟಿತು. ಅದೇ ಖುಷಿಯಲ್ಲಿ ಇನ್ನಷ್ಟು ಸಿಗ್ನಲ್ ಹಾರಿ, ಗುನುಗುತ್ತ ಹೋಟೆಲಿಗೆ ಮರಳಿದ. ಅಮ್ಮಣ್ಣಿ ಒಂದು ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಎಂಟೂ ಮುಕ್ಕಾಲು, ಸಿಗ್ನಲ್ ಜಂಪ್. ಕೈ ಬೇರೆ ಮುಗಿದ್ರಂತೆ. ಎಂಟೂ ಐವತ್ತು, ರಾಂಗ್ ಸೈಡ್, ಹಾಲು."

"ನಿಂಗೆ ಯಾರು ಹೇಳಿದ್ದು?"

ಅವಳು ಸ್ಕೂಟರಿನ ಹಿಂದಕ್ಕೆ ಬೆರಳು ತೋರಿಸಿದಳು. ಹೊಸ ಡಬ್ಬಾದ ಹಿಂಬದಿಯಲ್ಲಿ ಕೆಂಪು ಬಣ್ಣದಲ್ಲಿ, 'ದುರ್ಗಾ ಭವನ, ಬಿಸಿಬಿಸಿ ಮನೆ ಬಾಗಿಲಿಗೆ' ಎಂದು ಹಿಂದಿಯಲ್ಲಿ ಬರೆದಿತ್ತು. ಕೆಳಗೆ ಹೋಟೆಲಿನ ಫೋನ್ ನಂಬರ್, ಒಂದೊಂದು ಅಂಕಿಯೂ ಗೇಣುದ್ದ.

ಜಯಾನಂದ ಅಂಗೈಯಿಂದ ಆ ಅಂಕಿಗಳನ್ನು ಮುಚ್ಚಲು ನೋಡಿದ. ಚಿದಂಬರ ಮಾತ್ರ ನಗುತ್ತ ಬಂದ. "ಹನ್ನೊಂದು ಜನ ಬಯ್ಯೋದಕ್ಕೇ ಫೋನ್ ಮಾಡಿದ್ರು. ಬೈದು ಬೈದು ಹಸಿವಾಯ್ತೋ ಏನೋ, ಒಂಬತ್ತು ಜನ ದೋಸೆಗೆ ಆರ್ಡರ್ ಕೊಟ್ಟೇ ಫೋನ್ ಇಟ್ಟಿದ್ದು. ಎಲ್ಲರದೂ ಒಂದೇ ಷರತ್ತು. ಅದೇ ಭಯ್ಯಾ ತಂದುಕೊಡಬೇಕಂತೆ."

"ಮೊದಲು ಎಲ್ಲಿಗೆ?" ಜಯಾನಂದ ಕೇಳಿದ.

"ಕುಸ್ತಿ ಅಖಾಡಕ್ಕೆ. ಮೂವತ್ತು ಮಸಾಲೆ ದೋಸೆ. ಪೈಲ್ವಾನ್‌ಜೀ ಗೇಟಲ್ಲೇ ಕಾಯ್ತಿರ್ತಾರಂತೆ."

ಅಮ್ಮಣ್ಣಿ ಸ್ಕೂಟರಿನ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿದಳು. "ಸುರೇಶ ಮಧ್ಯಾಹ್ನ ಬರ್ತಾನೆ. ಅಖಾಡ ಇಲ್ಲೇ ಹತ್ತಿರ. ಚಲೋ, ನಡ್ಕೊಂಡು ಹೋಗಿ."

ಅನಂತರಾಮ್ ಪೇಪರನ್ನು ಮುಖದ ತನಕ ಎತ್ತಿಕೊಂಡರು.

ಜಯಾನಂದ ಅಡುಗೆಮನೆಗೆ ಹೋಗಿ ಮೂವತ್ತೂ ದೋಸೆ ಹುಯ್ದ. ಹೆಲ್ಮೆಟ್ಟಿನ ಬೆಳ್ಳುಳ್ಳಿಯನ್ನೆಲ್ಲ ಬುಟ್ಟಿಗೆ ಸುರಿದು, ಮೊದಲ ಸಲ ಅದನ್ನು ತಲೆಗೆ ಹಾಕಿಕೊಂಡ. ಗದ್ದದ ಕೆಳಗೆ ಪಟ್ಟಿ ಬಿಗಿದು, ಮೂವತ್ತು ದೋಸೆಯ ಪೊಟ್ಟಣ ಎದೆಗವಚಿಕೊಂಡು ನಡೆದುಕೊಂಡೇ ಹೊರಟ.